ದುರ್ಗಾ ಕೆಮ್ಮಲಿಲ್ಲ

ಮಳೆ ಹಿಡಿದರೆ ಕೂಡ್ಲಿಗಿಯಲ್ಲಿ ಎರಡು ಒಣಗುವುದಿಲ್ಲ. ಒಂದು ಬಟ್ಟೆ, ಇನ್ನೊಂದು ಖಂಡ.

ಬಟ್ಟೆಯಾದರೆ ಫ್ಯಾನಿನ ಕೆಳಗೆ ಹರವಬಹುದು. ಖಂಡ ಹಾಗಲ್ಲ. ಉದ್ದುದ್ದ ಕೊಯ್ದು ಉಪ್ಪು, ಅರಿಶಿನ, ಖಾರ ಸವರಿದ ಮಾಂಸ ಬಿಸಿಲನ್ನು ಬೇಡುತ್ತದೆ. ಬಿಸಿಲಿಲ್ಲವೆಂದರೆ ಕೆಂಡದ ಕಾವನ್ನು ಬೇಡುತ್ತದೆ. ಎರಡೂ ಸಿಗದಿದ್ದರೆ ಸಂಜೆಗೆ ನೊಣ, ಮರುದಿನಕ್ಕೆ ನಾತ.

ಇದು ಜಂಬಕ್ಕನಿಗೆ ಚೆನ್ನಾಗಿ ಗೊತ್ತು. ಆದರೂ ಆ ಭಾನುವಾರ ಜಿಟಿಜಿಟಿ ಮಳೆಯಲ್ಲೇ ಆಕೆ ಖಂಡ ಕೊಯ್ಯಲು ಕೂತಳು. ಕಾರಣ ಸೊಸೆ ದುರ್ಗಾ. ದುರ್ಗಾ ತುಂಬಿದ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಥವಳು ಬಾಯಿಬಿಟ್ಟು ಕೇಳಿದ್ದು ಒಂದೇ: "ಅತ್ತಿ, ಕೆಂಡದ ಮ್ಯಾಲೆ ಸುಟ್ಟ ಖಂಡ ತಿನ್ನಂಗಾಗೈತಿ."

ಬಸುರಿಯ ಬಯಕೆ ಎಂದರೆ ಜಂಬಕ್ಕನಿಗೆ ದೇವರ ಅಪ್ಪಣೆಗಿಂತ ಒಂದು ಕೈ ಹೆಚ್ಚು. ಮಗ ಅಂಜಿನಿ ಬೆಳಗ್ಗೆಯೇ ಮಾಂಸ ತಂದುಕೊಟ್ಟು, ಕೊಟ್ಟೂರಿನ ಪೆಟ್ರೋಲ್ ಬಂಕಿಗೆ ಡ್ಯೂಟಿಗೆ ಹೋದ. ಜಂಬಕ್ಕ ಬಾಗಿಲಲ್ಲೇ ಕೂತು ಇಡೀ ಓಣಿಗೆ ಕಾಣುವಂತೆ ಕೊಯ್ದಳು.

ಹಿಂದೆ ಇದ್ದದ್ದು ಮಣ್ಣಿನ ಮಾಳಿಗೆ ಮನೆ. ಒಲೆಯ ನೇರಕ್ಕೆ ಮಾಳಿಗೆಯಲ್ಲಿ ಗವಾಕ್ಷಿ ಇತ್ತು. ಒಲೆಯ ಮೇಲೆ ಹಗ್ಗ ಕಟ್ಟಿ ಖಂಡ ಇಳಿಬಿಟ್ಟರೆ, ಕಾವು ಖಂಡಕ್ಕೆ, ಹೊಗೆ ಆಕಾಶಕ್ಕೆ. ಈ ಬೇಸಿಗೆಯಲ್ಲಿ ಗೃಹಪ್ರವೇಶವಾದ ಹೊಸ ಮನೆ ಬೇರೆ. ಮೇಲೆ ಸ್ಲ್ಯಾಬು, ಗಾಜಿನ ಕಿಟಕಿ, ಕಿಟಕಿಗೆ ದಪ್ಪ ಪರದೆ. ಅಡುಗೆ ಗ್ಯಾಸಿನ ಮೇಲೆ. ಕಟ್ಟಿಸುವಾಗ ಹೊಗೆಗೊಂದು ದಾರಿ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಜಂಬಕ್ಕ ನಡುಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ ಹಗ್ಗ ಕಟ್ಟಿ ಖಂಡ ಇಳಿಬಿಟ್ಟಳು. ಮನೆ ಕಟ್ಟುವಾಗ ಸಿಮೆಂಟು ಹೊತ್ತ ಕಬ್ಬಿಣದ ಬಾಂಡ್ಲಿಯಲ್ಲಿ ಜಾಲಿ ಕಟ್ಟಿಗೆ ಹೊತ್ತಿಸಿ ಕೆಳಗಿಟ್ಟಳು. ದುರ್ಗಾ ಅದೇ ಕೋಣೆಯ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಹೊಗೆ ಎದ್ದಿತು. ದುರ್ಗಾ ಕೆಮ್ಮಿದಳು. ಕಣ್ಣಲ್ಲಿ ನೀರು.

ಪಕ್ಕದ ಮನೆಯ ಕೋಮಲಾ ಕೊಡೆ ಹಿಡಿದು ಗೇಟಿನ ಮುಂದೆ ನಿಂತಳು. ಆಕೆ ಸರ್ಕಾರಿ ಆಸ್ಪತ್ರೆಯ ನರ್ಸು. ರಾತ್ರಿ ಪಾಳಿ ಮುಗಿಸಿ, ಇನ್ನೊಬ್ಬರ ಕೆಲಸವನ್ನೂ ಮಾಡಿ, ಆಗ ತಾನೇ ಮರಳುತ್ತಿದ್ದಳು.

"ಜಂಬಕ್ಕಾ! ಮನಿಗೆ ಬೆಂಕಿ ಬಿದ್ದೈತೇನ್ರಿ? ಕಿಟಕ್ಯಾಗ ಹೊಗಿ ಬರಾಕತ್ತೈತಿ!"

"ನಿನ್ನ ಬಾಯಿಗೆ ಬೀಳ್ಲಿ ಬೆಂಕಿ! ಖಂಡ ಕಾಯಿಸಾಕತ್ತೀನಿ. ವಾಸನಿ ಹಿಡ್ಕೊಂಡು ಬಂದ್ಯೇನು?"

"ಬಸುರಿ ಒಳಗ ಅದಾಳ್ರಿ. ಆಕಿಗೆ ಹೊಗಿ ಆಗಂಗಿಲ್ಲ. ಹೊರಗ ಇಟ್ಕೊಳ್ರಿ."

"ಹೊರಗ ಮಳಿ. ನೀ ಬಂದು ಕೊಡಿ ಹಿಡೀತೀಯೇನು?"

ಹೊರಕಟ್ಟೆಯ ಮೇಲೆ ಕೂತಿದ್ದ ಜಂಬಕ್ಕನ ಗಂಡ ಪಾಲಯ್ಯ ನಕ್ಕ. "ಒಂದು ತುಣುಕು ಕೊಡ್ತೀನಿ ಅನ್ನು, ಹಿಡೀತಾಳ."

ಕೋಮಲಾಳೂ ನಕ್ಕಳು. ನಿದ್ದೆಗೆಟ್ಟು ಆಕೆಯ ಕಣ್ಣು ಉರಿಯುತ್ತಿದ್ದವು. "ಹೊಗಿ ಮಾತ್ರ ಬ್ಯಾಡ್ರಿ ಜಂಬಕ್ಕ," ಎಂದು ಹೇಳಿ ತನ್ನ ಮನೆಗೆ ಹೋಗಿ ಮಲಗಿದಳು.

ಹೊಗೆ ಮಾತ್ರ ಬೇಡ. ಜಂಬಕ್ಕ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಉರಿಯುವ ಕಟ್ಟಿಗೆಯನ್ನು ಹೊರಗೆ ಒಯ್ದು ನೀರು ಸುರಿದಳು. ಪಾಲಯ್ಯನನ್ನು ಓಣಿಯ ಮೂಲೆಯ ಇಸ್ತ್ರಿ ಅಂಗಡಿಗೆ ಕಳಿಸಿ ಇದ್ದಿಲು ತರಿಸಿದಳು. ಅದನ್ನು ಸಜ್ಜಾದ ಕೆಳಗೆ, ಹೊರಗಡೆಯೇ, ಹೊತ್ತಿಸಿ ಕೆಂಪಗೆ ನಿಗಿನಿಗಿ ಮಾಡಿಕೊಂಡು ಒಳಗೆ ತಂದಿಟ್ಟಳು. ಒಂದು ಎಳೆ ಹೊಗೆಯಿಲ್ಲ. ವಾಸನೆಯಿಲ್ಲ. ಆಹಾ, ನರ್ಸಿನ ಮಾತು ಕೇಳಿದರೆ ಎಷ್ಟು ಅನುಕೂಲ ಎಂದುಕೊಂಡಳು. ಎರಚಲು ಬರುತ್ತದೆಂದು ಕಿಟಕಿ ಹಾಕಿದಳು. ನೊಣ ಬರುತ್ತದೆಂದು ಬಾಗಿಲು ಎಳೆದುಕೊಂಡಳು. ಕಾವು ಹೊರಗೆ ಹೋಗದಿರಲೆಂದು ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದಳು. ಕಾವು ಹೋದರೆ ಖಂಡ ಒಣಗುವುದು ಹೇಗೆ?

ದುರ್ಗಾ ಈಗ ಕೆಮ್ಮಲಿಲ್ಲ. ಬೆಚ್ಚಗಿತ್ತು.

ಸ್ವಲ್ಪ ಹೊತ್ತಿಗೆ ಖಂಡ ತಿರುವಿ ಹಾಕಲು ಬಂದ ಅತ್ತೆಗೆ ದುರ್ಗಾ ಹೇಳಿದಳು, "ಅತ್ತಿ, ಹಣಿ ಸಿಡಿಯಾಕತ್ತೈತಿ."

"ಹೊಟ್ಟಿ ಹಸದೈತಿ. ರೊಟ್ಟಿ ಬಡೀತೀನಿ, ತಡಿ."

ಮತ್ತೊಮ್ಮೆ ಬಂದಾಗ ಆಕೆ ಬಟ್ಟಲಿಗೆ ವಾಂತಿ ಮಾಡಿಕೊಂಡಿದ್ದಳು. ಬಸುರಿಗೆ ವಾಂತಿ ಹೊಸದೇ? ಜಂಬಕ್ಕ ಬಟ್ಟಲು ತೊಳೆದು ತಂದಿಟ್ಟಳು.

"ಅತ್ತಿ, ಕಾಲು ನನ್ನವಲ್ಲ ಅನ್ನಂಗಾಗೈತಿ."

"ಮತ್ತ ಯಾರವು, ನನ್ನವೇನು?" ಜಂಬಕ್ಕ ನಗುತ್ತಾ ಬಾಗಿಲು ಎಳೆದುಕೊಂಡು ಹಿಂದಿನ ಅಡುಗೆಮನೆಗೆ ಹೋದಳು. ಅಲ್ಲಿ ಹಿತ್ತಿಲ ಬಾಗಿಲು ಪೂರ್ತಿ ತೆರೆದಿತ್ತು. ತಣ್ಣನೆ ಗಾಳಿ ಬೀಸುತ್ತಿತ್ತು.

ರೊಟ್ಟಿ ಮುಗಿಸಿ ಬಂದಾಗ ದುರ್ಗಾಳ ಬಾಯಿ ಅರೆ ತೆರೆದಿತ್ತು. ಕೂಗಿದರೆ "ಹ್ಞೂಂ" ಅನ್ನಲಿಲ್ಲ. ಅಲುಗಿಸಿದರೆ ಕೈ ಮಂಚದಿಂದ ಜಾರಿ ತೂಗಿತು. ಜಂಬಕ್ಕನಿಗೂ ತಲೆ ಗಿಮ್ಮೆಂದಿತು. ಬೆಳಗ್ಗೆ ಬಾಗಿಲಲ್ಲಿ ಕೂತು ಕೊಯ್ದದ್ದು ನೆನಪಾಯಿತು. ಓಣಿಯ ಕಣ್ಣೆಲ್ಲ ಖಂಡದ ಮೇಲಿತ್ತು. ಬಸುರಿ ತಿನ್ನುವ ಮಾಂಸ. ಇದು ದೃಷ್ಟಿಯೇ!

ದೃಷ್ಟಿ ತೆಗೆಯಲು ಕೆಂಡ ಎದುರಿಗೇ ಇತ್ತು. ಹಿಡಿ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಬಾಂಡ್ಲಿಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ಭಾರೀ ದೃಷ್ಟಿ. ಇದು ನಮ್ಮ ಕಡೆಯ ಲೆಕ್ಕ.

ಘಾಟು ಎದ್ದಿತು. ಎಂಥ ಘಾಟು! ಜಂಬಕ್ಕ ಕೆಮ್ಮುತ್ತಾ ಬಾಗಿಲಿಗೆ ಓಡಿಬಂದಳು. ಕಟ್ಟೆಯ ಮೇಲೆ ಪಾಲಯ್ಯ ಸೀನಿದ. "ಏ ಮುದುಕಿ, ಎಲ್ಲರನ್ನ ಕೊಲ್ತೀಯೇನಲೇ!"

ದುರ್ಗಾ ಕೆಮ್ಮಲಿಲ್ಲ. ರೆಪ್ಪೆಯೂ ಮಿಟುಕಲಿಲ್ಲ.

"ನೋಡ ಬರ್ರಿ ಇಲ್ಲಿ!" ಜಂಬಕ್ಕ ಓಣಿಗೆಲ್ಲ ಕೇಳುವಂತೆ ಕೂಗಿದಳು. ದನಿಯಲ್ಲಿ ಹೆದರಿಕೆಯಿತ್ತು, ಜೊತೆಗೆ ಗೆದ್ದವಳ ಗತ್ತೂ ಇತ್ತು. "ನಮಗೆಲ್ಲ ಘಾಟು ಹತ್ತೈತಿ, ಆಕಿಗೆ ಒಂದ ಕೆಮ್ಮು ಬರಲಿಲ್ಲ! ಯಾವ ಹಾಳು ಕಣ್ಣು ಬಿದ್ದಿತ್ತೋ ನನ್ನ ಸೊಸಿ ಮ್ಯಾಲೆ!"

ಪಕ್ಕದ ಮನೆಯಲ್ಲಿ ಕೋಮಲಾ ಎಚ್ಚೆತ್ತಳು. ಚಪ್ಪಲಿ ಮೆಟ್ಟದೆ ಮಳೆಯಲ್ಲಿ ಓಡಿಬಂದಳು.

"ಏನಂದ್ರಿ? ಕೆಮ್ಮಲಿಲ್ಲಾ?"

ಕೋಣೆಯ ಹೊಸ್ತಿಲಲ್ಲಿ ಆಕೆಗೆ ಕಂಡದ್ದು ಬಾಂಡ್ಲಿ, ಮುಚ್ಚಿದ ಕಿಟಕಿ, ಬಾಗಿಲ ಸಂದಿಯ ಸೀರೆ.

"ಹೊಗಿ ಇಲ್ಲವ್ವ. ನೀ ಹೇಳ್ದಂಗ ಬರೀ ಕೆಂಡ..." ಜಂಬಕ್ಕ ಶುರು ಮಾಡಿದಳು.

ಕೋಮಲಾ ಕೇಳಿಸಿಕೊಳ್ಳಲಿಲ್ಲ. ಬಾಗಿಲ ಹೊರಗೇ ಉಸಿರು ತುಂಬಿ, ಹಿಡಿದುಕೊಂಡು ಒಳಗೆ ನುಗ್ಗಿದಳು. ಕಿಟಕಿ ಸರಿಸಿ ದುರ್ಗಾಳ ಕಂಕುಳಿಗೆ ಕೈಹಾಕಿದಳು. ಪಾಲಯ್ಯ ಕಾಲು ಹಿಡಿದ. ಇಬ್ಬರೂ ಆಕೆಯನ್ನು ಹೊರಕಟ್ಟೆಗೆ ತಂದು, ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿದರು. ಮಳೆಹನಿ ಮುಖಕ್ಕೆ ಬಿದ್ದರೂ ದುರ್ಗಾ ಏಳಲಿಲ್ಲ. ಉಸಿರು ಮಾತ್ರ ಇತ್ತು.

ಪಾಲಯ್ಯ ಕುಡಿಸಲು ನೀರಿನ ಚೆಂಬು, ಮೂಸಿಸಲು ಒಡೆದ ಉಳ್ಳಾಗಡ್ಡಿ ಹಿಡಿದು ಓಡಿಬಂದ.

"ಎರಡೂ ಬ್ಯಾಡ್ರಿ! ಎಚ್ಚರಿಲ್ಲದವರ ಬಾಯಿಗೆ ನೀರು ಹಾಕಿದ್ರ ಶ್ವಾಸಕೋಶಕ್ಕೆ ಹೋಗತೈತಿ. ನೂರಾ ಎಂಟಕ್ಕ ಫೋನ್ ಹಚ್ಚ್ರಿ. ಕೆಂಡದ ಗಾಳಿ ಕುಡಿದಾಳ, ಬಸುರಿ ಅದಾಳ, ಆಕ್ಸಿಜನ್ ಬೇಕು ಅಂತ ಹೇಳ್ರಿ."

ಕೆಂಡದ ಗಾಳಿ. ಜಂಬಕ್ಕ ತೆರೆದ ಬಾಗಿಲಿನಿಂದ ಬಾಂಡ್ಲಿಯನ್ನು ನೋಡಿದಳು. ಅದು ತನ್ನ ಪಾಡಿಗೆ, ಸಾಧುವಾಗಿ, ಕೆಂಪಗೆ ಹೊಳೆಯುತ್ತಿತ್ತು.

ಆಸ್ಪತ್ರೆಯಲ್ಲಿ ದುರ್ಗಾಳ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದರು. ತಲೆನೋವೆಂದ ಜಂಬಕ್ಕನಿಗೂ ಒಂದು ಹಾಕಿದರು. ಆಕೆ ಕಿತ್ತು ತೆಗೆದಳು.

"ನನಗ್ಯಾಕ? ಎಲ್ಲಾ ಆಕಿಗೆ ಕೊಡ್ರಿ."

"ಆಕಿಗೂ ಐತಿ, ನಿಮಗೂ ಐತಿ. ಹಾಕ್ಕೊಳ್ರಿ," ಎಂದಳು ಕೋಮಲಾ.

"ಹೊಗಿ ಇರಲಿಲ್ಲ ಕೋಮಲಾ. ದೇವರಾಣಿ, ಒಂದು ಎಳಿ ಹೊಗಿ ಇರಲಿಲ್ಲ."

"ಅದಕ್ಕ ಗೊತ್ತಾಗಲಿಲ್ರಿ. ಹೊಗಿ ಇದ್ದಿದ್ರ ಕೆಮ್ಮು ಬರ್ತಿತ್ತು, ಕಣ್ಣುರಿ ಬರ್ತಿತ್ತು, ಎದ್ದು ಹೊರಗ ಓಡ್ತಿದ್ಲು. ಕೆಂಡದಾಗ ಇನ್ನೊಂದು ಗಾಳಿ ಹುಟ್ಟತೈತಿ. ಕಾರ್ಬನ್ ಮಾನಾಕ್ಸೈಡ್ ಅಂತಾರ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ಉಸಿರಿನಾಗ ಹೋಗಿ ರಕ್ತದಾಗ ಆಕ್ಸಿಜನ್ ಕುಂದ್ರೋ ಜಾಗದಾಗ ತಾನು ಕುಂದ್ರತೈತಿ. ಮೊದಲು ತಲಿನೋವು, ಆಮ್ಯಾಲೆ ವಾಂತಿ, ಕೈಕಾಲು ಸೋಲೋದು, ಮಂಪರು. ಮಂಪರು ಬಂದ ಮ್ಯಾಲೆ ಏಳಾಕ ಆಗಂಗಿಲ್ಲ."

ಹಣೆ ಸಿಡಿತ. ಬಟ್ಟಲು. ನನ್ನವಲ್ಲದ ಕಾಲು. ಒಂದೊಂದನ್ನೂ ಆ ಹುಡುಗಿ ಹೇಳಿದ್ದಳು. ಒಂದೊಂದಕ್ಕೂ ತಾನು ಉತ್ತರ ಕೊಟ್ಟಿದ್ದಳು.

"ಹಳೇ ಮನ್ಯಾಗ ನಮ್ಮವ್ವನ ಕಾಲದಿಂದ ಕಾಯಿಸೀವಲ್ಲ?" ಪಾಲಯ್ಯ ಕೇಳಿದ. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಅಲ್ಲಿ ಗವಾಕ್ಷಿ ಇತ್ತು, ಬಾಗಿಲದಾಗ ಬೆರಳು ಹೋಗೋವಷ್ಟು ಸಂದಿ ಇತ್ತು. ಇಲ್ಲಿ ನೀವು ಗಾಳಿಗೆ ಬೀಗ ಹಾಕೀರಿ. ಹಂಗಂತ ಹಳೇ ಮನ್ಯಾಗ ಮಾಡಬಹುದು ಅಂತಲ್ಲ ಮಾವ, ಒಂದು ಕಿಟಕಿ ತಗದ್ರೂ ಸಾಲಂಗಿಲ್ಲ. ಕೆಂಡ ಮನಿಯೊಳಗ ಬರಲೇಬಾರದು." ಕೋಮಲಾ ನೆಲ ನೋಡುತ್ತಾ ಹೇಳಿದಳು. "ನಾನೂ ಹೊಗಿ ಅಂದೆ, ಕೆಂಡ ಅನ್ನಲಿಲ್ಲ."

ಅಂಜಿನಿ ಕೊಟ್ಟೂರಿನಿಂದ ಬೈಕಿನಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಹೆಂಡತಿಯನ್ನು ನೋಡಿದ, ಅವ್ವನನ್ನು ನೋಡಿದ. ಹೆಂಡತಿಯ ಕೈ ಹಿಡಿದು ಮಂಚದ ಅಂಚಿಗೆ ಕೂತ. ಅವನು ಬೈದಿದ್ದರೆ ಜಂಬಕ್ಕನಿಗೆ ಹಗುರಾಗುತ್ತಿತ್ತು.

ದುರ್ಗಾ ಕಣ್ಣು ತೆರೆದದ್ದು ದೀಪ ಹಚ್ಚುವ ಹೊತ್ತಿಗೆ. ಡಾಕ್ಟರು ಆಕೆಯ ಹೊಟ್ಟೆಗೆ ಯಂತ್ರ ಹಿಡಿದರು. ಮೊದಲು ಬರೀ ಗರಗರ ಸದ್ದು. ಜಂಬಕ್ಕ ಗೋಡೆಗೆ ಒರಗಿದಳು. ಆಮೇಲೆ ಬಂತು, ಟಕಟಕ ಟಕಟಕ, ಕುದುರೆ ಓಡಿದ ಹಾಗೆ.

"ಇವತ್ತು ಬಡಿತ ಚೆನ್ನಾಗಿದೆ," ಎಂದರು ಡಾಕ್ಟರು. "ಆದರೆ ಈ ಗಾಳಿ ತಾಯಿಗಿಂತ ಮಗುವಿಗೆ ಹೆಚ್ಚು ಕೆಟ್ಟದ್ದು. ತಾಯಿ ಹುಷಾರಾದ ಮೇಲೂ ಮಗುವಿನ ರಕ್ತದಿಂದ ಅದು ನಿಧಾನಕ್ಕೆ ಹೋಗುತ್ತದೆ. ಆಕ್ಸಿಜನ್ ಮುಂದುವರಿಸಬೇಕು. ಹೆರಿಗೆಯವರೆಗೆ ತಪಾಸಣೆ ತಪ್ಪಿಸಬೇಡಿ."

ದುರ್ಗಾ ಮಾಸ್ಕಿನೊಳಗಿಂದ ಏನೋ ಅಂದಳು. ಜಂಬಕ್ಕ ಕಿವಿ ಹತ್ತಿರ ಒಯ್ದಳು.

"ಖಂಡ ಒಣಗಿದ್ವೇನ ಅತ್ತಿ?"

ಜಂಬಕ್ಕ ಆಕೆಯ ಹೊದಿಕೆ ಸರಿಮಾಡಿದಳು. ಉತ್ತರ ಕೊಟ್ಟವನು ಪಾಲಯ್ಯ. "ಬಾಗಿಲು ತಗದ ಇಟ್ಟು ಬಂದೀವಿ ಮಗಳ. ಓಣಿ ನಾಯಿಗೆ ಇವತ್ತು ಹಬ್ಬ."

ದುರ್ಗಾ ಮನೆಗೆ ಬಂದ ಮೇಲೆ ಮಹಿಳಾ ಸಂಘದ ಸಭೆಯಲ್ಲಿ ಜಂಬಕ್ಕ ನಡೆದದ್ದನ್ನೆಲ್ಲ ಹೇಳಿದಳು. ತಾನು ನಕ್ಕದ್ದನ್ನೂ ಬಿಡಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದು ಕೇಳಿದರು. ಹಿಂದಿನ ಸಾಲಿನ ಲಕ್ಷ್ಮಿದೇವಿ ಮಾತ್ರ ಮೂಗು ಮುರಿದಳು.

"ಸುಮ್ನಿರ ಜಂಬಕ್ಕ. ನಮ್ಮವ್ವ ಬಾಣಂತಿ ಇದ್ದಾಗ ಮಂಚದ ಕೆಳಗ ಕೆಂಡ ಇಟ್ಟಿದ್ರು. ಕೂಸು ನಾನು ಮಗ್ಗಲದಾಗ ಇದ್ನಿ. ಸತ್ನೇನು? ಗುಂಡಕಲ್ಲಿನಂಗ ಇಲ್ಲಿ ಕುಂತಿಲ್ಲೇನು?"

ಒಂದಿಬ್ಬರು ನಕ್ಕರು. ಜಂಬಕ್ಕ ನಗಲಿಲ್ಲ.

"ನೀ ಉಳದಿ, ಅದಕ್ಕ ಇಲ್ಲಿ ಕುಂತು ಮಾತಾಡ್ತಿ. ಉಳೀಲಾರದವರು ಸಂಘಕ್ಕ ಬಂದು ಹೇಳ್ತಾರೇನ ಲಕ್ಷ್ಮಿ? ನಂಜು ಏರಿ ಹೋದ್ಲು, ಗಾಳಿ ಹಿಡೀತು, ದೃಷ್ಟಿ ಆತು ಅಂತ ನಾವು ಮಣ್ಣು ಕೊಟ್ಟು ಬಂದೀವಿ. ಎಷ್ಟು ಮಂದಿನ್ನ ಕೊಟ್ಟೀವೋ!"

ನಕ್ಕವರು ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡರು.

ಲಕ್ಷ್ಮಿದೇವಿಯ ಮುಖದ ಬಣ್ಣ ಇಳಿಯಿತು. ಆಕೆಯ ಮಗಳು ಮಾಲಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಈಗ ಹಸಿ ಬಾಣಂತಿ. "ಆಕಿ ಮುಂಜಾನಿಂದ ತಲಿನೋವು ಅನ್ನಾಕತ್ತಾಳ..." ಎಂದಳು. ಯಾರಿಗೆ ಹೇಳಿದಳೋ, ಆಕೆಗೇ ಗೊತ್ತಿರಲಿಲ್ಲ. ಎದ್ದಳು. ಬಾಗಿಲ ಬಳಿ ಚಪ್ಪಲಿಗಳ ರಾಶಿಯನ್ನು ತುಳಿದುಕೊಂಡೇ ಓಡಿದಳು. ಹಿಂದೆ ಜಂಬಕ್ಕ, ಅವಳ ಹಿಂದೆ ಇಡೀ ಸಂಘ.

ಮುಚ್ಚಿದ ಕೋಣೆ. ಮಂಚದ ಕೆಳಗೆ ಮಣ್ಣಿನ ಕುಡಿಕೆಯಲ್ಲಿ ಕೆಂಡ. ಮಾಲಾ ಮಂಪರಿನಲ್ಲಿದ್ದಳು. ಕೂಗಿದರೆ ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ಜಂಬಕ್ಕ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ನಾಲ್ಕು ಜನ ಬಾಣಂತಿಯನ್ನು ಎತ್ತಿ ತಂದರು. ಯಾರೋ ಆಗಲೇ ನೂರಾ ಎಂಟಕ್ಕೆ ಫೋನು ಹಚ್ಚಿದ್ದರು. ಬಯಲಿನ ಗಾಳಿ ಮುಖಕ್ಕೆ ತಾಗಿ ಕೂಸು ಕಿರ್‍ರೆಂದು ಚೀರಿತು. ಅಂಥ ಚೀರಾಟ ಕೇಳಿ ಅಷ್ಟು ಹೆಂಗಸರು ಒಟ್ಟಿಗೆ ಅತ್ತದ್ದನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ.

ಓದುತ್ತಿರುವ ಅಕ್ಕಾ, ಅಣ್ಣಾ, ಖಂಡ ಕಾಯಿಸಿರಿ, ಮೀನು ಸುಡಿರಿ, ಜೋಳದ ತೆನೆ ಸುಟ್ಟು ಮಕ್ಕಳಿಗೆ ಕೊಡಿರಿ. ಬೇಡವೆಂದವರು ಯಾರು? ಆದರೆ ಬಯಲಲ್ಲಿ, ಬಾಗಿಲು ಕಿಟಕಿಗಳಿಂದ ದೂರದಲ್ಲಿ ಮಾಡಿರಿ. ಮಳೆ ಬಂದರೆ ಆ ದಿನ ಖಂಡ ಬೇಡ, ಗ್ಯಾಸಿನ ಮೇಲೆ ಸಾರು ಮಾಡಿರಿ. ಇದ್ದಿಲಿನದಾಗಲಿ, ಕಟ್ಟಿಗೆಯದಾಗಲಿ, ಕೆಂಡ ಪೂರ್ತಿ ಬೂದಿಯಾಗಿ ತಣ್ಣಗಾಗುವ ತನಕ ಒಳಗೆ ತರಬೇಡಿರಿ. ಚಳಿಗೆಂದು ಬೇಡ, ಬಾಣಂತಿಗೆಂದೂ ಬೇಡ. ಕೆಂಡವಿದ್ದ ಮನೆಯಲ್ಲಿ ಯಾರಾದರೂ ತಲೆನೋವು, ತಲೆಸುತ್ತು, ವಾಂತಿ ಎಂದರೆ, ಅದರಲ್ಲೂ ಇಬ್ಬರು ಮೂವರಿಗೆ ಒಟ್ಟಿಗೆ ಹಾಗಾದರೆ, ದೃಷ್ಟಿ ತೆಗೆಯುತ್ತಾ ಕೂರಬೇಡಿರಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ 108ಕ್ಕೆ ಕರೆ ಮಾಡಿ.

ಈಗಲೇ ಈ ಹಾಳೆ ಕೆಳಗಿಡಿ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರ ಮಂಚದ ಕೆಳಗೆ ಏನಿದೆ, ಎದ್ದು ಹೋಗಿ ನೋಡಿ ಬನ್ನಿ.