ಸವಳು ಹಾಕದ ಮೂಲೆ

ಪೆದ್ದಹರಿವಾಣಕ್ಕೆ ಸೊಸೆಯಾಗಿ ಬಂದ ಮೇಲೆ ನಾನು ಮಾವನ ಮಾತು ಮೀರಿದ್ದು ಒಂದೇ ಸಲ, ಎರಡನೇ ಮಹಾಯುದ್ಧ ಶುರುವಾದ ವರ್ಷ. ಪ್ರತಿ ಬೇಸಿಗೆಯಲ್ಲಿ ಮಾಳಿಗೆ ಸೋರದಂತೆ ಸವಳು ಮಣ್ಣು ಹಾಕುವಾಗ ಪಡಸಾಲೆಯ ಮೇಲಿನ ಒಂದು ಮೂಲೆಯನ್ನು ಮಾತ್ರ ಮಾವ ಹಾಗೇ ಬಿಡಿಸುತ್ತಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಮಳೆ ಬಂದಾಗ ಅಲ್ಲಿ ತಾಮ್ರದ ಬೋಗುಣಿ ಇಟ್ಟು ನೀರು ಚೆಲ್ಲುವ ಕರ್ಮ ನನ್ನದು. ಯುಗಾದಿಯ ಹೊತ್ತಿಗೆ ಲಕ್ವ ಹೊಡೆದು ಅವರ ಬಲಗೈ, ಮಾತು ಎರಡೂ ಹೋದವು. ಇನ್ನು ತಡೆಯುವವರಿಲ್ಲವೆಂದು ನಾನೇ ಮೇಲೆ ಹತ್ತಿ ಆ ಮೂಲೆಗೂ ಮಣ್ಣು ಹಾಕಿ ತುಳಿದುಬಂದೆ.

ಮಾವ ಡೊಳ್ಳು ಬಾರಿಸುವವರು, ಅವರ ಡೊಳ್ಳಿನಲ್ಲಿ ಒಂದು ಬಡಿತವಿತ್ತು. ಬೇರೆ ಯಾರ ಕೈಗೂ ಅದು ಸಿಕ್ಕಿರಲಿಲ್ಲ. ಮಗನಿಗೆ ಕಲಿಸೋಣ ಕಲಿಸೋಣ ಎನ್ನುವಷ್ಟರಲ್ಲಿ ಕೈ ಬಿದ್ದುಹೋಗಿತ್ತು. ನನ್ನ ಗಂಡ ದಿನಾ ಬಾರಿಸುತ್ತಿದ್ದರು, ಮಾವ ದಿನಾ ಅದಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು.

ಉತ್ತರಿ ಮಳೆ ಒಂದು ಮಧ್ಯಾಹ್ನ ಗುಡುಗಿಕೊಂಡು ಬಂತು. ಓಣಿಯಲ್ಲಿ ಮೊಳಕಾಲುದ್ದ ನೀರು, ಮನೆಯೊಳಗೆ ಒಂದು ಹನಿಯೂ ಇಲ್ಲ. ನಾನು ಬೀಗುತ್ತಿದ್ದೆ. ಮಾವ ಮಾತ್ರ ಮಲಗಿದಲ್ಲಿ ಮಲಗಲಿಲ್ಲ. ಹೊರಳಿದರು, ಗೋಡೆ ಹಿಡಿದು ಎದ್ದು ಕೂತರು, ಮತ್ತೆ ಬಿದ್ದರು.

"ಏನ್ ಬೇಕ್ರಿ ಮಾವ? ಥಂಡಿ ಆಗೈತೇನು?" ಎನ್ನುತ್ತಾ ಕಂಬಳಿ ಹೊದಿಸಿದೆ. ಕಿತ್ತು ಎಸೆದರು. ನನಗೂ ಸಿಟ್ಟು ಬಂತು. ಆಗ ಅವರು ತೆವಳಿಕೊಂಡು ಹೋಗಿ, ಎಡಗೈಯಿಂದ ಬೋಗುಣಿ ಎಳೆದು ಆ ಒಣ ಮೂಲೆಯ ಕೆಳಗಿಟ್ಟು, ಮೇಲೆ ನೋಡುತ್ತಾ ಅಳತೊಡಗಿದರು.

ಬೋಗುಣಿಗೆ ಬೀಳುತ್ತಿದ್ದ ಹನಿಯ ಸದ್ದು, ಮಾವನ ಡೊಳ್ಳಿನ ಬಡಿತ ಎರಡೂ ಒಂದೇ ಎಂದು ನನಗೆ ಆಗ ಹೊಳೆಯಿತು. ಆ ಬಡಿತ ಅವರಿಗೆ ಸಿಕ್ಕಿದ್ದು ಅಲ್ಲೇ, ಆ ಹನಿಗಳಲ್ಲೇ. ಮಗನಿಗೆ ಕೇಳಿಸಲು ಉಳಿದಿದ್ದ ಅದೊಂದನ್ನೂ ನಾನು ಮುಚ್ಚಿಬಿಟ್ಟಿದ್ದೆ.

ಸಲಿಕೆ ಹಿಡಿದು ಮಾಳಿಗೆ ಹತ್ತಿದೆ. ಮಳೆಯ ಹೊಡೆತಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ.

"ಹುಚ್ಚು ಹಿಡಿದೈತೇನು ಭೀಮಕ್ಕ? ಇಳಿ ಕೆಳಗ," ಎಂದು ಗಂಡ ಅಂಗಳದಿಂದ ಕೂಗಿದರು.

"ನೀವು ಒಳಗ ಹೋಗಿ ಬೋಗುಣಿ ಹತ್ರ ಕುಂದರ್ರಿ," ಎಂದೆ.

ಕೆರೆದೆ, ಅಗೆದೆ. ಇಳಿದು ಬರುವಷ್ಟರಲ್ಲಿ ಹನಿ ಶುರುವಾಗಿತ್ತು. ಒಂದು. ತುಸು ತಡೆದು ಎರಡು. ಗಂಡ ಡೊಳ್ಳು ತೆಗೆದರೆ ತೇವಕ್ಕೆ ಚರ್ಮ ಸಡಿಲಾಗಿ ಒದ್ದೆ ಕಂಬಳಿ ಬಡಿದಂತೆ ಕೇಳಿತು. ಅದನ್ನು ಬಿಟ್ಟು ತೊಡೆಯ ಮೇಲೇ ಬಾರಿಸಿದರು. ತಪ್ಪಿತು. ಮತ್ತೆ ತಪ್ಪಿತು. ಸಂಜೆಯಾಗುವಾಗ ಒಂದು ಸಲ ಮಾವ ತಲೆ ಅಲ್ಲಾಡಿಸಲಿಲ್ಲ. ಮಗನ ಬೆನ್ನ ಮೇಲೆ ಎಡಗೈ ಇಟ್ಟು, ಅಲ್ಲೇ ತಾವೂ ಜೊತೆಗೆ ಬಾರಿಸಿದರು.

ಮಾವ ದೀಪಾವಳಿ ಕಾಣಲಿಲ್ಲ. ಈಗ ಬೇಸಿಗೆಯಲ್ಲಿ ಸವಳು ಹಾಕುವವರು ಬಂದರೆ ಆ ಮೂಲೆಯ ಸುತ್ತ ಕಲ್ಲಿಟ್ಟು ಕಾಯುವವಳು ನಾನೇ. ಮಳೆಗಾಲದಲ್ಲಿ ಬೋಗುಣಿ ಚೆಲ್ಲುವವಳೂ ನಾನೇ. ಬೈದುಕೊಂಡೇ ಚೆಲ್ಲುತ್ತೇನೆ, ಚೆಲ್ಲಿ ಮತ್ತೆ ಅಲ್ಲೇ ಇಡುತ್ತೇನೆ.