ಯಾರಿಗೋ ಹುಡುಕಿದ ಕಾಯಿಲೆ

ಪಾತ್ರೆ ತೊಳೆಯುತ್ತಿದ್ದ ರೈಲುಗಾರ್ಡ್ ಕೈ ಒರೆಸಿಕೊಂಡು, ಹೊತ್ತೆಷ್ಟಾಯಿತೆಂದು ಹೆಂಡತಿಯ ಫೋನು ನೋಡಿದವನು ನಿಂತಲ್ಲೇ ಕಲ್ಲಾದ. ಪರದೆ ತುಂಬ ಜಾಹೀರಾತು: ಕ್ಯಾನ್ಸರ್ ಆಸ್ಪತ್ರೆ, ಉಯಿಲು ಬರೆಸುವ ವಕೀಲರು, ಕೊನೆಗಾಲದ ಆರೈಕೆ. ವಾರಕ್ಕೆರಡು ದಿನ ಮನೆಗೆ ಬರುವ ಗಂಡನಿಂದ ಇವಳು ಇಷ್ಟು ದೊಡ್ಡದನ್ನು ಮುಚ್ಚಿಟ್ಟಳೇ?

“ಏನೇ ಇದು? ನಿಂಗೇನಾಗಿದೆ? ನಿಜ ಹೇಳು!”

ವಿಗ್ಗಿಗೆ ಕೂದಲು ಪೋಣಿಸುತ್ತಿದ್ದವಳು ಇಣುಕಿ ನೋಡಿ ನಕ್ಕುಬಿಟ್ಟಳು. “ಅಯ್ಯೋ ನನ್ನ ರಾಯರೇ! ಕ್ಯಾನ್ಸರ್ ಬಂದ ಗಿರಾಕಿಗಳಿಗೆ ವಿಗ್ಗು ಕಟ್ಟೋಳು ನಾನು. ಅವರ ಕೂದಲು ಮತ್ತೆ ಯಾವಾಗ ಬೆಳೆಯುತ್ತೆ ಅಂತ ದಿನಾ ಹುಡುಕ್ತೀನಿ. ಏನು ಹುಡುಕಿದೆ ಅಂತ ಈ ಫೋನಿಗೆ ಗೊತ್ತು, ಯಾರಿಗೋಸ್ಕರ ಅಂತ ಏನು ಗೊತ್ತು? ನಾನು ಗುಂಡುಕಲ್ಲಿನ ಹಾಗಿದೀನಿ.”

“ಮೊದಲು ಇದನ್ನ ತೆಗಿ, ತಾಯಿ!”

ಅವಳು ಹುಡುಕಾಟದ ದಾಖಲೆಯನ್ನೆಲ್ಲ ಅಳಿಸಿ, ಸೆಟ್ಟಿಂಗ್ಸ್‌ನಲ್ಲಿ ‘ನಿಮಗಾಗಿ ಆರಿಸಿದ ಜಾಹೀರಾತು’ ಎಂಬುದನ್ನು ಆಫ್ ಮಾಡಿದಳು. “ಪೂರ್ತಿ ನಿಲ್ಲಲ್ಲ. ಇನ್ಮೇಲೆ ಸೋಪು, ಬಕೆಟ್ಟು ಬರುತ್ತೆ, ಹೆದರಬೇಡಿ.”

ಆದರೆ ಇವಳಿಲ್ಲದ ಮನೆ ಒಂದು ಗಳಿಗೆ ಅವನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಸ್ವಯಂನಿವೃತ್ತಿ ಕೋರಿ ಎರಡು ವರ್ಷದ ಹಿಂದೆ ಬರೆದ ಪತ್ರ, ‘ಮುಂದಿನ ತಿಂಗಳು ನೋಡೋಣ’ ಎಂದು ಅವನು ಮುಂದೂಡುತ್ತಿದ್ದಂತೆ ಬೀರುವಿನಲ್ಲೇ ಉಳಿದಿತ್ತು. ಅದರ ತಾರೀಖು ತಿದ್ದಿ, ಚಪ್ಪಲಿ ಮೆಟ್ಟಿ ಹೋಗಿ, ಅಂಚೆಡಬ್ಬಿಗೆ ಹಾಕಿಯೇ ಬಂದ.