ದಿವೋಟಾಳ ಕರಿಶಾಲು

ಮಗನನ್ನು ಕೊಂದವನು ಕಣ್ಣೆದುರಿನ ಮಠದಲ್ಲೇ ಗಂಜಿ ಕುಡಿದುಕೊಂಡು ಹಾಯಾಗಿದ್ದರೆ ಯಾವ ತಾಯಿಯ ಹೊಟ್ಟೆ ಉರಿಯುವುದಿಲ್ಲ? ಮಗ ಒರ್ಸುವಿನ ಹೆಣದ ಮುಂದೆ ಕರಿಶಾಲು ಹೊದ್ದ ದಿವೋಟಾ, ಅವನನ್ನು ಕೊಂದ ಸಾಂಪೀರುವಿನ ರಕ್ತ ಬೀಳುವವರೆಗೂ ಅದನ್ನು ಮೈಯಿಂದ ತೆಗೆಯುವುದಿಲ್ಲವೆಂದು ಆಣೆಯಿಟ್ಟಿದ್ದಳು. ಕೋರ್ಸಿಕಾದ ಬೆಟ್ಟದೂರುಗಳಲ್ಲಿ ಹಾಗೆ ಶಾಲು ಹೊದ್ದವಳಿಗೆ ಯಾರೂ ಬುದ್ಧಿ ಹೇಳಲು ಹೋಗುವುದಿಲ್ಲ. ಆದರೆ ಆ ಹೇಡಿ ಓಡಿಹೋಗಿ ಮಠ ಸೇರಿಕೊಂಡ. ಮಠದ ಹೊಸ್ತಿಲು ದಾಟಿದವನನ್ನು ಮುಟ್ಟುವಂತಿಲ್ಲ.

ಆ ಬಾಗಿಲು ಕಾಯುತ್ತಿದ್ದವನು ಬ್ರದರ್ ಸಿಲ್ವೆಸ್ತ್ರು. ಓದು ಬರದ, ಕಸ ಗುಡಿಸುವ ಮುದುಕ. ಊರು ಆಗಲೇ ಅವನನ್ನು ಸಂತ ಎನ್ನುತ್ತಿತ್ತು. ಒಳಗೆ ಸಾಂಪೀರುವಿಗೆ ಕೊಡುವ ಮೊದಲು, ಹೊರಗೆ ಹೊಂಚುತ್ತ ಕೂತ ದಿವೋಟಾಳ ಮುಂದೆ ಒಂದು ಬಟ್ಟಲು ಗಂಜಿ ತಂದಿಡುತ್ತಿದ್ದ. ಅವಳು ಅದನ್ನು ಅವನ ಮೇಲೇ ಎರಚುತ್ತಿದ್ದಳು. ಅವನು ನಿಲುವಂಗಿ ಒರೆಸಿಕೊಂಡು, ನಾಳೆ ಇನ್ನೊಂಚೂರು ರುಚಿಯಾಗಿ ಮಾಡಿಸ್ತೀನಮ್ಮ ಎಂದು ಒಳಗೆ ಹೋಗುತ್ತಿದ್ದ. ಆ ತಾಳ್ಮೆ ಕಂಡರೆ ಅವಳಿಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ಆ ಚಳಿಗಾಲ ಸಿಲ್ವೆಸ್ತ್ರು ತೀರಿಕೊಂಡ. ಚಟ್ಟಕ್ಕೆ ಹೆಗಲು ಕೊಡಲು ಸಾಂಪೀರುವೂ ಹೊರಗೆ ಬರುತ್ತಾನೆಂದು ತಿಳಿದು ದಿವೋಟಾ ಚಾಕು ಮಸೆದಳು. ಸಂತ ಸತ್ತರೆ ಅವನ ನಿಲುವಂಗಿಯ ಚೂರು ಮನೆಯಲ್ಲಿಟ್ಟುಕೊಳ್ಳಲು ಊರಿಗೆ ಊರೇ ಕತ್ತರಿ, ಚಾಕು ಹಿಡಿದು ಬರುತ್ತದೆ. ಅಷ್ಟರ ನಡುವೆ ಅವಳದೊಂದನ್ನು ಯಾರು ಕೇಳುತ್ತಾರೆ?

ಚಟ್ಟ ಹೊಸ್ತಿಲು ದಾಟಿದ್ದೇ ತಡ, ಜನ ಮುಗಿಬಿದ್ದರು. ಅವಳು ನುಗ್ಗಿ ಸಾಂಪೀರುವಿನ ಪಕ್ಕಕ್ಕೇ ಬಂದಳು. ಅವನು ಚಾಕು ನೋಡಿದ, ಚಟ್ಟ ಬಿಡಲಿಲ್ಲ.

"ಇಳಿಸೋವರ್ಗೂ ತಡಿ ದಿವೋಟಮ್ಮ," ಅಂದ. "ಇವ್ರು ಬಿದ್ದೋಗ್ತಾರೆ."

ಅವಳು ತಲೆಯೆತ್ತಿದಳು. ನಿಲುವಂಗಿ ಉಳಿದೇ ಇರಲಿಲ್ಲ. ಭಕ್ತರೆನಿಸಿಕೊಂಡ ಹದ್ದುಗಳು ಮುದುಕನನ್ನು ಅರೆಬೆತ್ತಲೆ ಮಾಡಿ, ಒಳಬಟ್ಟೆಗೂ ಕೈಹಾಕಿದ್ದವು. ದಿವೋಟಾಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಚಾಕು ಝಳಪಿಸಿ ಜನರನ್ನು ಹಿಂದಕ್ಕಟ್ಟಿ, ಮೈಮೇಲಿನ ಕರಿಶಾಲು ಕಿತ್ತು ಮುದುಕನ ಹೆಣಕ್ಕೆ ಹೊದಿಸಿದಳು.

ಹೊದಿಸಿದ ಮೇಲೆ, ತಾನೇನು ಮಾಡಿದೆನೆಂದು ಹೊಳೆಯಿತು. ಶಾಲು ಮಣ್ಣಿಗೆ ಹೋಗುತ್ತದೆ, ಆಣೆಯೂ ಅದರ ಜೊತೆಗೆ. ದಿನವೂ ಗಂಜಿ ಎರಚಿಸಿಕೊಂಡ ಮುದುಕ ಸತ್ತ ಮೇಲೆ ಸೇಡು ತೀರಿಸಿಕೊಂಡಿದ್ದ.

ಸಾಂಪೀರು ಅಳುತ್ತಿದ್ದ. ಅದನ್ನು ಕಂಡು ಅವಳು ಮತ್ತೆ ಕೆರಳಿದಳು.

"ನನ್ನ ಮುಖ ನೋಡ್ಬೇಡ. ಶಾಲು ಹೋಯ್ತು ಅಷ್ಟೆ, ಚಾಕು ಕೈಯಲ್ಲೇ ಇದೆ. ನೆಟ್ಟಗೆ ಹೊತ್ಕೊಂಡ್ ನಡಿ."

ಗೋರಿಯವರೆಗೂ ಅವನ ಪಕ್ಕದಲ್ಲೇ ನಡೆದಳು, ಒಂದು ಕತ್ತರಿಯೂ ಚಟ್ಟದ ಹತ್ತಿರ ಸುಳಿಯದಂತೆ. ಚಾಕು ಹಿಡಿದ ಕೈ ಮಾತ್ರ ಇಳಿಸಲಿಲ್ಲ.